ಎದೆನೋವು, ಒಂದು ಕಂತೆ ರಿಪೋರ್ಟು: ಓದುವ ಮೊದಲು ಗಡಿಯಾರ ನೋಡಿ

ಇದನ್ನು ಓದುತ್ತಿರುವಾಗಲೇ ನಿಮಗೆ ಎದೆ ನೋಯುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ. ಎದೆ ಹಿಂಡಿದ ಹಾಗೆ, ಮೇಲೆ ಭಾರ ಹೇರಿದ ಹಾಗೆ ಇದ್ದು ಕೆಲವು ನಿಮಿಷ ಕಳೆದರೂ ಬಿಡುತ್ತಿಲ್ಲವೇ? ಕೈ, ದವಡೆ, ಬೆನ್ನಿಗೆ ಹರಡುತ್ತಿದೆಯೇ? ಬೆವರು, ಏದುಸಿರು, ವಾಕರಿಕೆ, ತಲೆ ಸುತ್ತು ಜೊತೆಗಿದೆಯೇ? ಹಾಗಿದ್ದರೆ ಆಂಬುಲೆನ್ಸ್‌ಗೆ ಫೋನ್ ಮಾಡಿ. ಗಾಡಿ ನೀವೇ ಓಡಿಸಿಕೊಂಡು ಹೋಗಬೇಡಿ. ಹಳೆಯ ರಿಪೋರ್ಟ್ ನಾರ್ಮಲ್ ಇತ್ತು ಎನ್ನುವುದು ಇವತ್ತಿನ ನೋವಿಗೆ ಉತ್ತರ ಅಲ್ಲ. ಮಾತ್ರೆ ಏನಾದರೂ ತೆಗೆದುಕೊಳ್ಳಬೇಕಾ ಎಂದು ಫೋನಿನಲ್ಲೇ ಕೇಳಿ, ಅವರು ಹೇಳಿದರೆ ಮಾತ್ರ ತೆಗೆದುಕೊಳ್ಳಿ.

ಈ ಲೇಖನ ನೋವು ಕಳೆದು, ಡಾಕ್ಟರ್ ನೋಡಿಯಾಗಿ, ಕೈಯಲ್ಲಿ ಒಂದು ಕಂತೆ ಕಾಗದ ಹಿಡಿದು ಕೂತವರಿಗೆ. ನಾನು ಡಾಕ್ಟರ್ ಅಲ್ಲ. ಆ ಕಂತೆ ಹಿಡಿದು ಕೂತವನು.

ಮೂರು ವರ್ಷದ ಹಿಂದೆ ಒಂದು ರಾತ್ರಿ ನನ್ನ ಎದೆ ಹಿಡಿದುಕೊಂಡಿತು. ಎಮರ್ಜೆನ್ಸಿಗೆ ಹೋದ ಕೂಡಲೇ ಇಸಿಜಿ ತೆಗೆದರು. ಚೀಟಿಯ ಮೇಲ್ಗಡೆ ‘ಅಬ್‌ನಾರ್ಮಲ್ ಇಸಿಜಿ’ ಎಂದು ಅಚ್ಚಾಗಿತ್ತು. ಓದಿದ ಕೂಡಲೇ ನನ್ನ ಕೈ ತಣ್ಣಗಾಯಿತು. ಪಕ್ಕದ ಹಾಸಿಗೆಯಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರಿದ್ದರು. ಅವರ ಚೀಟಿಯಲ್ಲಿ ‘ನಾರ್ಮಲ್ ಇಸಿಜಿ’ ಎಂದಿತ್ತು. “ನಾರ್ಮಲ್ ಅಂತ ಬಂದಿದೆ, ಮನೆಗೆ ಹೋಗೋಣ” ಎಂದು ಅವರು ಮಗನ ಹತ್ತಿರ ಹಟ ಮಾಡುತ್ತಿದ್ದರು. ಬೆಳಗಾಗುವ ಹೊತ್ತಿಗೆ ಮನೆಗೆ ಹೋದವನು ನಾನು. ಅವರನ್ನು ಐಸಿಯುಗೆ ಕರೆದುಕೊಂಡು ಹೋಗಿದ್ದರು. ಎರಡನೇ ಸಲ ತೆಗೆದ ರಕ್ತದಲ್ಲಿ ಅವರ ಟ್ರೋಪೋನಿನ್, ಅಂದರೆ ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಬರುವ ಪ್ರೋಟೀನು, ಏರಿತ್ತು.

ಅವತ್ತು ನನಗೆ ಗೊತ್ತಾದದ್ದು ಇಷ್ಟು. ಪ್ರತಿ ಟೆಸ್ಟೂ ಒಂದೇ ಒಂದು ಪ್ರಶ್ನೆಗೆ, ಒಂದು ಹೊತ್ತಿನಲ್ಲಿ ಕೊಟ್ಟ ಉತ್ತರ. ಯಾವ ಪ್ರಶ್ನೆ, ಯಾವ ಹೊತ್ತು ಎನ್ನುವುದು ಗೊತ್ತಿಲ್ಲದೆ ‘ನಾರ್ಮಲ್’, ‘ಅಬ್‌ನಾರ್ಮಲ್’ ಎಂದು ಓದಿದರೆ ಸುಮ್ನೆ ಹೆದರುತ್ತೇವೆ, ಇಲ್ಲವೇ ಸುಮ್ನೆ ಧೈರ್ಯ ತಂದುಕೊಳ್ಳುತ್ತೇವೆ. ಎರಡನೆಯದೇ ಜಾಸ್ತಿ ಅಪಾಯ.

ಹಂತ 1: ನೋವಿನ ಲೆಕ್ಕ ಬರೆಯಿರಿ

ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನೋವು ಶುರುವಾದದ್ದು ಎಷ್ಟು ಹೊತ್ತಿಗೆ? ಎಷ್ಟು ಹೊತ್ತು ಇತ್ತು? ಒಂದೊಂದು ಟೆಸ್ಟ್ ಮಾಡಿದ್ದು ಎಷ್ಟು ಹೊತ್ತಿಗೆ? ಇಸಿಜಿ ಚೀಟಿಯ ಮೂಲೆಯಲ್ಲಿ ಸಮಯ ಅಚ್ಚಾಗಿರುತ್ತದೆ. ರಕ್ತದ ರಿಪೋರ್ಟಿನಲ್ಲಿ ಎರಡು ಸಮಯ ಇರುತ್ತವೆ: ರಕ್ತ ತೆಗೆದದ್ದು, ರಿಪೋರ್ಟ್ ಕೊಟ್ಟದ್ದು. ನಮಗೆ ಬೇಕಾದದ್ದು ರಕ್ತ ತೆಗೆದ ಸಮಯ.

ಅದರ ಕೆಳಗೆ ನೋವಿನ ಕತೆ ಬರೆಯಿರಿ. ಮೆಟ್ಟಿಲು ಹತ್ತುವಾಗ ಬಂದು ನಿಂತರೆ ಕೆಲವೇ ನಿಮಿಷದಲ್ಲಿ ಹೋಗುತ್ತದಾ? ಹಾಗಿದ್ದರೆ ಅದು ಹೃದಯದ ರಕ್ತನಾಳ ಕಿರಿದಾದಾಗ ಬರುವ ನೋವನ್ನು ಹೋಲುತ್ತದೆ. ಸುಮ್ಮನೆ ಕೂತಿದ್ದಾಗಲೂ ಬರುತ್ತದಾ, ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತಿದೆಯಾ? ಇದು ಇನ್ನೂ ಅರ್ಜೆಂಟ್. ಉಸಿರು ಎಳೆದರೆ ಚುಚ್ಚುತ್ತದಾ, ಬೆರಳಿಟ್ಟು ಒತ್ತಿದರೆ ಅಲ್ಲೇ ನೋಯುತ್ತದಾ? ಆಗ ಪಕ್ಕೆಲುಬು, ಸ್ನಾಯು, ಶ್ವಾಸಕೋಶದ ಪೊರೆಯ ಕಡೆಗೆ ಅನುಮಾನ ಹೋಗುತ್ತದೆ. ಆದರೆ ಇದನ್ನೇ ನಂಬಿ ಕೂರುವ ಹಾಗಿಲ್ಲ.

ಇಲ್ಲಿ ತುಂಬಾ ಜನ ಬೀಳುವ ಗುಂಡಿ ಒಂದಿದೆ. “ಗ್ಯಾಸ್ಟ್ರಿಕ್ ಔಷಧಿ ಕುಡಿದೆ, ಕಮ್ಮಿ ಆಯ್ತು, ಹಾಗಾದರೆ ಗ್ಯಾಸೇ” ಎನ್ನುವುದು. ಹೃದಯದ ನೋವೂ ಎಷ್ಟೋ ಸಲ ತಾನಾಗಿಯೇ ಬಂದು ಹೋಗುತ್ತದೆ. ಹೋಗುವ ಹೊತ್ತಿಗೆ ಸರಿಯಾಗಿ ನೀವು ಔಷಧಿ ಕುಡಿದಿರಬಹುದು, ಅಷ್ಟೇ. ನಾಲಿಗೆ ಕೆಳಗಿಡುವ ಮಾತ್ರೆಯಿಂದ ಕಮ್ಮಿ ಆಯಿತು, ಆದ್ದರಿಂದ ಹೃದಯದ್ದೇ ಎನ್ನುವುದೂ ಅಷ್ಟೇ ತಪ್ಪು. ಅನ್ನನಾಳ ಹಿಡಿದುಕೊಂಡು ಬರುವ ನೋವೂ ಆ ಮಾತ್ರೆಗೆ ಇಳಿಯುತ್ತದೆ.

ಇನ್ನೊಂದು ಮಾತು. ಶುಗರ್ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದು ಬೀಳುವ ನೋವು ಇಲ್ಲದೆಯೂ ಹೃದಯಾಘಾತ ಆಗುತ್ತದೆ. ಬರೀ ಏದುಸಿರು, ವಿಪರೀತ ಸುಸ್ತು, ವಾಕರಿಕೆ ಇರಬಹುದು. “ನೋವೇನೂ ಅಷ್ಟಿರಲಿಲ್ಲ” ಎಂದು ಅದನ್ನೆಲ್ಲ ಹಾಳೆಯಿಂದ ಬಿಡಬೇಡಿ.

ಹಂತ 2: ಇಸಿಜಿ ಚೀಟಿ

ಮೈಗೆ ಅಂಟಿಸುವ ತುದಿಗಳು 10, ಕಾಗದದ ಮೇಲೆ ಬರುವ ನೋಟಗಳು 12. ಒಂದೇ ಹೃದಯವನ್ನು ಬೇರೆ ಬೇರೆ ದಿಕ್ಕಿನಿಂದ ನೋಡಿದ ಹಾಗೆ. ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಇಸಿಜಿಯನ್ನು ಬಳಕೆಗೆ ತಂದ ವಿಲ್ಲೆಮ್ ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಬಂತು. ಅವರ ಕಾಲದಲ್ಲಿ ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಯಲ್ಲಿ ಅದ್ದಿಕೊಂಡು ಕೂರಬೇಕಿತ್ತು! ಅಲೆಗಳಿಗೆ ಅವರು ಇಟ್ಟ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳು ಇವತ್ತಿಗೂ ಅವೇ.

ಚೀಟಿಯ ಚೌಕಗಳನ್ನು ನೋಡಿ. ಸಾಮಾನ್ಯವಾಗಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಒಂದು ಸಣ್ಣ ಚೌಕ ಎಂದರೆ 0.04 ಸೆಕೆಂಡ್, ಐದು ಸಣ್ಣವು ಸೇರಿದ ದೊಡ್ಡ ಚೌಕ 0.2 ಸೆಕೆಂಡ್. ಎರಡು ಎತ್ತರದ ಮೊನೆಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆ ಎಂದು ಎಣಿಸಿ, 300ನ್ನು ಅದರಿಂದ ಭಾಗಿಸಿ. ನಾಲ್ಕು ಚೌಕ ಬಂದರೆ ನಿಮಿಷಕ್ಕೆ 75 ಬಡಿತ. ಐದು ಬಂದರೆ 60. ಬಡಿತ ಒಂದೇ ಸಮ ಇದ್ದರೆ ಈ ಲೆಕ್ಕ ಸರಿ ಬರುತ್ತದೆ. ಎಣಿಸಿ ನೋಡಿ, ಚೀಟಿಯ ಭಯ ಅರ್ಧ ಕಮ್ಮಿಯಾಗುತ್ತದೆ.

ಮೇಲ್ಗಡೆ ಕೆಲವು ಅಂಕಿಗಳಿರುತ್ತವೆ. ಹಾರ್ಟ್ ರೇಟ್ 60ರಿಂದ 100 ಸಾಮಾನ್ಯ. ಚೆನ್ನಾಗಿ ವ್ಯಾಯಾಮ ಮಾಡುವವರಲ್ಲಿ 50 ಇದ್ದರೂ ಗಾಬರಿ ಬೇಡ. ಪಿಆರ್, ಅಂದರೆ ಹೃದಯದ ಮೇಲ್ಕೋಣೆಯಿಂದ ಕೆಳಕೋಣೆಗೆ ವಿದ್ಯುತ್ ಸಾಗುವ ಹೊತ್ತು, 120ರಿಂದ 200 ಮಿಲಿಸೆಕೆಂಡ್. ಕ್ಯೂಆರ್‌ಎಸ್, ಅಂದರೆ ಅದು ಕೆಳಕೋಣೆಗಳಲ್ಲಿ ಹರಡುವ ಹೊತ್ತು, 120ಕ್ಕಿಂತ ಕಮ್ಮಿ. ಕ್ಯೂಟಿಸಿ, ಅಂದರೆ ಕೆಳಕೋಣೆ ಬಡಿದು ಮುಂದಿನ ಬಡಿತಕ್ಕೆ ಸಿದ್ಧವಾಗುವ ಹೊತ್ತು, ಗಂಡಸರಲ್ಲಿ ಸುಮಾರು 450, ಹೆಂಗಸರಲ್ಲಿ 460ರ ಒಳಗೆ. ಅದು 500 ದಾಟಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಕೊಡಿ. ಕೆಲವು ಆಂಟಿಬಯಾಟಿಕ್‌ಗಳು, ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು ಅದನ್ನು ಉದ್ದ ಮಾಡುತ್ತವೆ.

ಅದರ ಪಕ್ಕದಲ್ಲಿ ಮಷೀನು ಬರೆದ ಸಾಲುಗಳಿರುತ್ತವೆ. ನನ್ನ ಕೈ ತಣ್ಣಗೆ ಮಾಡಿದ್ದು ಇವೇ. ಕೆಳಗೆ ಎಲ್ಲೋ ‘ಅನ್‌ಕನ್‌ಫರ್ಮ್ಡ್’ ಎಂದು ಸಣ್ಣದಾಗಿ ಇರುತ್ತದೆ. ಯಾವ ಡಾಕ್ಟರೂ ಇದನ್ನು ಇನ್ನೂ ಒಪ್ಪಿಲ್ಲ ಎಂದು ಅದರ ಅರ್ಥ. ಮಷೀನನ್ನು ಏನನ್ನೂ ತಪ್ಪಿಸಿಕೊಳ್ಳದ ಹಾಗೆ ಮಾಡಿರುತ್ತಾರೆ, ಅದಕ್ಕೇ ಅದು ಸಣ್ಣದಕ್ಕೂ ಕೂಗುತ್ತದೆ.

‘ಸೈನಸ್ ರಿದಮ್’ ಎಂದರೆ ಬಡಿತ ಹುಟ್ಟಬೇಕಾದ ಜಾಗದಲ್ಲೇ ಹುಟ್ಟುತ್ತಿದೆ. ಒಳ್ಳೆಯ ಮಾತು. ‘ಸೈನಸ್ ಅರಿತ್ಮಿಯಾ’ ಎನ್ನುವ ಹೆಸರು ಕೇಳಿದರೆ ಹೆದರಿಕೆ ಆಗುತ್ತದೆ, ಆದರೆ ಉಸಿರಿನ ಜೊತೆ ಬಡಿತ ಸ್ವಲ್ಪ ಏರಿಳಿಯುವುದಷ್ಟೇ ಅದು, ಎಳೆಯರಲ್ಲಿ ಸಾಮಾನ್ಯ. ‘ನಾನ್‌ಸ್ಪೆಸಿಫಿಕ್ ಎಸ್‌ಟಿ-ಟಿ ಚೇಂಜಸ್’ ಎಂದರೆ ಗೆರೆ ಪಾಠದ ಹಾಗೆ ಇಲ್ಲ, ಆದರೆ ಇಂಥದ್ದೇ ಎಂದು ಬೊಟ್ಟು ಮಾಡಲೂ ಆಗುವುದಿಲ್ಲ. ‘ಪೂರ್ ಆರ್ ವೇವ್ ಪ್ರೊಗ್ರೆಷನ್’ ಎಂದರೆ ಆರ್ ಮೊನೆ ಎದೆಯ ಒಂದು ನೋಟದಿಂದ ಮುಂದಿನದಕ್ಕೆ ಬೆಳೆಯಬೇಕಾದಷ್ಟು ಬೆಳೆದಿಲ್ಲ, ಅದು ಎಷ್ಟೋ ಸಲ ಎದೆಯ ಮೇಲಿನ ತುದಿಗಳನ್ನು ಒಂದು ಬೆರಳು ಮೇಲೆ ಅಂಟಿಸಿದ್ದರಿಂದಲೂ ಬರುತ್ತದೆ. ‘ಇನ್‌ಕಂಪ್ಲೀಟ್ ಆರ್‌ಬಿಬಿಬಿ’ ಎಂದರೆ ಬಲಗಡೆಯ ವಿದ್ಯುತ್ ದಾರಿಯಲ್ಲಿ ಸ್ವಲ್ಪ ತಡ, ಆರೋಗ್ಯವಾಗಿರುವ ತುಂಬಾ ಜನರಲ್ಲಿ ಇರುತ್ತದೆ.

ಹಗುರವಾಗಿ ತೆಗೆದುಕೊಳ್ಳಬಾರದ ಸಾಲುಗಳು ಬೇರೆ. ‘ಎಸ್‌ಟಿ ಎಲಿವೇಷನ್’ ಎಂದರೆ ಬಡಿತದ ಮೊನೆ ಇಳಿದ ಮೇಲೆ ಗೆರೆ ನೆಲಮಟ್ಟಕ್ಕೆ ಬಾರದೆ ಮೇಲೇ ನಿಂತಿದೆ. ಎದೆನೋವಿನ ಜೊತೆ, ಅಕ್ಕಪಕ್ಕದ ಎರಡು ನೋಟಗಳಲ್ಲಿ ಹೀಗೆ ಕಂಡರೆ ದೊಡ್ಡ ರಕ್ತನಾಳ ಪೂರ್ತಿ ಮುಚ್ಚಿರಬಹುದು. ಆಗ ಓದುತ್ತಾ ಕೂರುವ ಮಾತೇ ಇಲ್ಲ, ನಿಮಿಷಗಳ ಲೆಕ್ಕ. ಗೆರೆ ಕೆಳಗಿಳಿದಿದ್ದರೆ ‘ಎಸ್‌ಟಿ ಡಿಪ್ರೆಷನ್’, ಟಿ ಅಲೆ ತಲೆಕೆಳಗಾದರೆ ‘ಟಿ ಇನ್ವರ್ಷನ್’. ಇವು ಹೊಸದಾಗಿ ಬಂದಿವೆಯೇ ಎನ್ನುವುದೇ ಮುಖ್ಯ. ‘ಓಲ್ಡ್ ಇನ್‌ಫಾರ್ಕ್ಟ್’ ಎಂದಿದ್ದರೆ ಹಿಂದೆ ಯಾವಾಗಲೋ ಹೃದಯಾಘಾತದ ಏಟು ಬಿದ್ದಿರಬಹುದು ಎನ್ನುವ ಅನುಮಾನ. ಅನುಮಾನ ಮಾತ್ರ, ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ನೋಡಿ ಖಚಿತ ಮಾಡುತ್ತಾರೆ.

ಈಗ ಗಡಿಯಾರಕ್ಕೆ ಬನ್ನಿ. ಒಂದು ಇಸಿಜಿ ಚೀಟಿ ಎಂದರೆ ಸಾಮಾನ್ಯವಾಗಿ ಹತ್ತೇ ಸೆಕೆಂಡಿನ ಚಿತ್ರ. ರಸ್ತೆ ಬದಿಯಲ್ಲಿ ಹತ್ತು ಸೆಕೆಂಡ್ ನಿಂತು “ಇಲ್ಲಿ ಟ್ರಾಫಿಕ್ ಜಾಮ್ ಆಗುವುದೇ ಇಲ್ಲ” ಎಂದು ಹೇಳಿದರೆ ಹೇಗೆ? ನೋವು ಇರುವಾಗಲೇ ತೆಗೆದ ಚೀಟಿಗೂ, ನೋವು ಹೋದ ಮರುದಿನ ತೆಗೆದ ಚೀಟಿಗೂ ಬೆಲೆ ಒಂದೇ ಅಲ್ಲ. ನೋವಿರುವಾಗ ತೆಗೆದದ್ದು ನಾರ್ಮಲ್ ಇದ್ದರೂ, ನೋವು ನಿಲ್ಲದಿದ್ದರೆ 15–30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯುತ್ತಾರೆ. ಹೃದಯದ ಹಿಂಬದಿಯ ಏಟು ಮಾಮೂಲಿ 12 ನೋಟಗಳಲ್ಲಿ ಸರಿಯಾಗಿ ಕಾಣದಿರಬಹುದು, ಅದಕ್ಕೆ ತುದಿಗಳನ್ನು ಬೆನ್ನಿಗೂ ಅಂಟಿಸುತ್ತಾರೆ. “ಮತ್ತೆ ಮತ್ತೆ ಯಾಕೆ ತೆಗೆಯುತ್ತಾರೆ, ಬಿಲ್ ಏರಿಸೋಕಾ?” ಎಂದು ಅವತ್ತು ನಾನೂ ಗೊಣಗಿದ್ದೆ. ಹಾಗಲ್ಲ.

ಹಂತ 3: ಟ್ರೋಪೋನಿನ್, ಒಂದಲ್ಲ ಎರಡು

ಟ್ರೋಪೋನಿನ್ ಹೃದಯದ ಸ್ನಾಯುವಿನ ಒಳಗಿರುವ ಪ್ರೋಟೀನು. ಸ್ನಾಯುವಿಗೆ ಪೆಟ್ಟಾದರೆ ಅದು ಸೋರಿ ರಕ್ತಕ್ಕೆ ಬರುತ್ತದೆ. ಸೋರಿ ಬರಲು ಹೊತ್ತು ಬೇಕು. ಇಡೀ ಟೆಸ್ಟಿನ ಗುಟ್ಟು ಈ ಒಂದು ಮಾತಿನಲ್ಲಿದೆ.

ಹಳೆಯ ಬಗೆಯ ಟೆಸ್ಟಿನಲ್ಲಿ ಏರಿಕೆ ಕಾಣಲು ನೋವು ಶುರುವಾಗಿ 3ರಿಂದ 6 ಗಂಟೆ ಆಗಬೇಕಾಗಬಹುದು. ಈಗಿನ ‘ಹೈ ಸೆನ್ಸಿಟಿವಿಟಿ’ ಟೆಸ್ಟ್ ಇನ್ನೂ ಬೇಗ ಹಿಡಿಯುತ್ತದೆ. ಆದರೂ ನೋವು ಬಂದ ಅರ್ಧ ಗಂಟೆಗೆ ತೆಗೆದ ರಕ್ತದಲ್ಲಿ ನಾರ್ಮಲ್ ಬಂದರೆ ಅದರಿಂದ ಹೆಚ್ಚೇನೂ ಹೇಳಲಾಗುವುದಿಲ್ಲ. ಅದಕ್ಕೇ ಎರಡನೇ ಸಲ ತೆಗೆಯುತ್ತಾರೆ: ಹೊಸ ಟೆಸ್ಟಾದರೆ 1ರಿಂದ 3 ಗಂಟೆ ಬಿಟ್ಟು, ಹಳೆಯದಾದರೆ 3ರಿಂದ 6 ಗಂಟೆ ಬಿಟ್ಟು. ಪಕ್ಕದ ಹಾಸಿಗೆಯ ಹಿರಿಯರನ್ನು ಉಳಿಸಿದ್ದು ಈ ಎರಡನೇ ಸಿರಿಂಜು.

ಒಂದು ಉದಾಹರಣೆ ನೋಡೋಣ. ಗಡಿ 14 ಎಂದಿಟ್ಟುಕೊಳ್ಳಿ. ಒಬ್ಬರಿಗೆ ರಾತ್ರಿ 8ಕ್ಕೆ 9, ಹನ್ನೊಂದಕ್ಕೆ 9. ಸದ್ಯಕ್ಕೆ ಹೃದಯಾಘಾತದ ಸುಳಿವಿಲ್ಲ. ಎರಡನೆಯವರಿಗೆ 8ಕ್ಕೆ 9, ಹನ್ನೊಂದಕ್ಕೆ 64. ಮೊದಲ ರಿಪೋರ್ಟ್ ಇಬ್ಬರದೂ ಒಂದೇ ಆಗಿತ್ತು, ಗಮನಿಸಿ. ಮೂರನೆಯವರಿಗೆ ಕಿಡ್ನಿ ತೊಂದರೆ ಇದೆ. 8ಕ್ಕೆ 48, ಹನ್ನೊಂದಕ್ಕೆ 47. ಗಡಿ ದಾಟಿದೆ, ಆದರೆ ಅಲ್ಲಾಡುತ್ತಿಲ್ಲ. ಇದು ಇವತ್ತು ಶುರುವಾದ ಪೆಟ್ಟಲ್ಲ, ಬಹಳ ದಿನದಿಂದ ಇರುವ ಸೋರಿಕೆ ಇರಬಹುದು. ಡಾಕ್ಟರ್ ಹುಡುಕುವುದು ಏರಿಳಿತವನ್ನು, ಒಂಟಿ ಅಂಕಿಯನ್ನಲ್ಲ.

ಅಂಕಿ ಓದುವಾಗ ಅಳತೆಯ ಘಟಕ ನೋಡಿ. ಕೆಲವು ಲ್ಯಾಬ್‌ಗಳು ಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದು ಕೊಡುತ್ತವೆ, ಕೆಲವು ಮಿಲಿಲೀಟರಿಗೆ ಇಷ್ಟು ಎಂದು. ಎರಡರ ನಡುವೆ ಸಾವಿರ ಪಟ್ಟು ವ್ಯತ್ಯಾಸ. ಮೊದಲನೆಯದರಲ್ಲಿ 14 ಆದದ್ದು ಎರಡನೆಯದರಲ್ಲಿ 0.014. ಅಣ್ಣನ 0.014 ಮತ್ತು ನಿಮ್ಮ 14 ಪಕ್ಕಪಕ್ಕ ಇಟ್ಟು ಕಣ್ಣೀರು ಹಾಕಬೇಡಿ. ಟ್ರೋಪೋನಿನ್ ‘ಐ’ ಮತ್ತು ‘ಟಿ’ ಕೂಡ ಬೇರೆ ಬೇರೆ, ಅವುಗಳ ಗಡಿಗಳೂ ಬೇರೆ. ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಬಾರದು. ನಿಮ್ಮ ರಿಪೋರ್ಟಿನ ಪಕ್ಕದ ಕಾಲಂನಲ್ಲಿ ಕೊಟ್ಟ ಗಡಿಯೇ ನಿಮ್ಮ ಗಡಿ. ಹೆಂಗಸರಿಗೂ ಗಂಡಸರಿಗೂ ಬೇರೆ ಗಡಿ ಕೊಡುವ ಲ್ಯಾಬ್‌ಗಳೂ ಇವೆ.

ಕೆಲವು ಕಡೆ ಕಾರ್ಡಿನಂಥ ಕಿಟ್ ಇರುತ್ತದೆ. ಗೆರೆ ಬಂದರೆ ಪಾಸಿಟಿವ್, ಬರದಿದ್ದರೆ ನೆಗೆಟಿವ್. ಶುರುವಿನ ಸಣ್ಣ ಏರಿಕೆ ಅದಕ್ಕೆ ಸಿಗದೆ ಹೋಗಬಹುದು. ಅಂಥ ಕಾರ್ಡಿನ ‘ನೆಗೆಟಿವ್’ ಒಂದನ್ನೇ ಹಿಡಿದು ಮನೆಗೆ ಹೊರಡಬೇಡಿ.

ಏರಿದ ಟ್ರೋಪೋನಿನ್ ಎಲ್ಲವೂ ಬ್ಲಾಕಿನಿಂದಲೇ, ಅಂದರೆ ಹೃದಯದ ರಕ್ತನಾಳ ಮುಚ್ಚಿಕೊಂಡದ್ದರಿಂದಲೇ ಅಲ್ಲ. ಹೃದಯದ ಸ್ನಾಯುವಿಗೆ ಬರುವ ಉರಿಯೂತ, ಶ್ವಾಸಕೋಶದ ರಕ್ತನಾಳದಲ್ಲಿ ರಕ್ತದ ಹೆಪ್ಪು, ಹೃದಯ ವೈಫಲ್ಯ, ತೀವ್ರ ಸೋಂಕು, ವಿಪರೀತ ವೇಗದ ಬಡಿತ, ಮ್ಯಾರಥಾನ್ ಓಟ ಕೂಡ ಅದನ್ನು ಏರಿಸುತ್ತವೆ.

ಇದಕ್ಕೆ ತಿರುಗುಮುರುಗಾದ ಮಾತನ್ನು ಹೆಚ್ಚು ಜನ ಕೇಳಿಲ್ಲ. ಟ್ರೋಪೋನಿನ್ ನಾರ್ಮಲ್ ಎಂದರೆ ‘ಸ್ನಾಯು ಸತ್ತಿಲ್ಲ’ ಎಂದೇ ಹೊರತು ‘ಬ್ಲಾಕ್ ಇಲ್ಲ’ ಎಂದಲ್ಲ. ರಕ್ತನಾಳ ಮುಕ್ಕಾಲು ಮುಚ್ಚಿದ್ದರೂ ಸ್ನಾಯು ಇನ್ನೂ ಜೀವ ಹಿಡಿದಿದ್ದರೆ ಈ ಟೆಸ್ಟ್ ತೆಪ್ಪಗಿರುತ್ತದೆ. ‘ಅನ್‌ಸ್ಟೇಬಲ್ ಆಂಜೈನಾ’ ಎಂದು ಬರೆದಿದ್ದರೆ ಆ ಹಂತ. ಎರಡು ಟ್ರೋಪೋನಿನ್ ಚೆನ್ನಾಗಿ ಬಂದ ಮೇಲೂ ಡಾಕ್ಟರ್ ಮುಂದಿನ ಟೆಸ್ಟ್ ಹೇಳಿದರೆ ಕಾರಣ ಇದೇ.

ಮೂರು ದಿನದ ಹಿಂದೆ ನೋವು ಬಂದಿತ್ತು, ಈಗ ಟೆಸ್ಟ್ ಮಾಡಿಸಿ ಏನು ಪ್ರಯೋಜನ ಎನ್ನುವವರಿಗೆ: ಪ್ರಯೋಜನ ಇದೆ. ಹೃದಯಾಘಾತ ಆಗಿದ್ದರೆ ಟ್ರೋಪೋನಿನ್ ಒಂದು ವಾರ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ದಿನ ಏರಿಯೇ ಇರುತ್ತದೆ. ಸಿಕೆ-ಎಂಬಿ ಎನ್ನುವ ಹಳೆಯ ಟೆಸ್ಟ್ ಎರಡು ಮೂರು ದಿನಕ್ಕೇ ಇಳಿದುಬಿಡುತ್ತದೆ.

ಹಂತ 4: ಎಕೋ

ಎಕೋ ಕೇಳುವ ಪ್ರಶ್ನೆ: ಹೃದಯದ ಪಂಪು ಹೇಗೆ ಕೆಲಸ ಮಾಡುತ್ತಿದೆ? ರಕ್ತನಾಳದೊಳಗಿನ ಬ್ಲಾಕನ್ನು ಅದು ನೇರವಾಗಿ ತೋರಿಸುವುದಿಲ್ಲ.

ರಿಪೋರ್ಟಿನಲ್ಲಿ ಎಲ್ಲರ ಕಣ್ಣು ಹೋಗುವುದು ‘ಇಎಫ್’ ಕಡೆಗೆ. 60 ಪರ್ಸೆಂಟ್ ಎಂದು ನೋಡಿ “ಹಾಗಾದರೆ 40 ಪರ್ಸೆಂಟ್ ಹಾಳಾಗಿದೆಯಾ?” ಎಂದು ನನ್ನ ಅಮ್ಮ ಕೇಳಿದ್ದರು. ಇದು ಪರೀಕ್ಷೆಯ ಮಾರ್ಕ್ಸ್ ಅಲ್ಲ. ಎಡಗಡೆಯ ಕೆಳಕೋಣೆ ತುಂಬಿದ ರಕ್ತದಲ್ಲಿ ಎಷ್ಟು ಪಾಲನ್ನು ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಎನ್ನುವ ಲೆಕ್ಕ. ಆರೋಗ್ಯವಾದ ಹೃದಯವೂ ಪೂರ್ತಿ ಖಾಲಿ ಮಾಡುವುದಿಲ್ಲ. ಸುಮಾರು 55ರಿಂದ 70 ಇದ್ದರೆ ಚೆನ್ನಾಗಿದೆ. 41ರಿಂದ 49 ಸ್ವಲ್ಪ ಕುಗ್ಗಿದೆ, 40 ಮತ್ತು ಅದಕ್ಕಿಂತ ಕೆಳಗೆ ಚೆನ್ನಾಗಿಯೇ ಕುಗ್ಗಿದೆ. ಒಂದು ಸಲ 60, ಇನ್ನೊಂದು ಸಲ 56 ಬಂದರೆ ಅದು ನೋಡುವವರ ಕಣ್ಣಳತೆಯ ವ್ಯತ್ಯಾಸವೂ ಆಗಿರಬಹುದು.

ಎದೆನೋವಿನವರಿಗೆ ಇಎಫ್‌ಗಿಂತ ಮುಖ್ಯವಾದ ಸಾಲು ‘ಆರ್‌ಡಬ್ಲ್ಯೂಎಂಎ’. ಹೃದಯದ ಗೋಡೆಯ ಯಾವುದಾದರೂ ಒಂದು ಭಾಗ ಸರಿಯಾಗಿ ಕುಗ್ಗುತ್ತಿಲ್ಲವೇ ಎನ್ನುವುದು. ‘ನೋ ಆರ್‌ಡಬ್ಲ್ಯೂಎಂಎ’ ಎಂದಿದ್ದರೆ ಎಲ್ಲ ಗೋಡೆಗಳೂ ಸಮವಾಗಿ ಕೆಲಸ ಮಾಡುತ್ತಿವೆ. ‘ಹೈಪೋಕೈನೆಟಿಕ್’ ಎಂದರೆ ಆ ಜಾಗ ಮಂಕಾಗಿದೆ, ‘ಅಕೈನೆಟಿಕ್’ ಎಂದರೆ ಅಲ್ಲಾಡುತ್ತಲೇ ಇಲ್ಲ. ಆದರೆ ನೋವು ಇಲ್ಲದಾಗ ಆರಾಮವಾಗಿ ಮಲಗಿಸಿ ಮಾಡಿದ ಎಕೋದಲ್ಲಿ ಬ್ಲಾಕ್ ಇರುವವರ ಗೋಡೆಯೂ ಚೆನ್ನಾಗಿಯೇ ಆಡಬಹುದು. ಮತ್ತೆ ಅದೇ ಗಡಿಯಾರ.

‘ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’ ಮತ್ತು ‘ಟ್ರಿವಿಯಲ್ ಎಂಆರ್, ಟಿಆರ್’ ಎನ್ನುವ ಸಾಲುಗಳ ಬಗ್ಗೆ ರಾತ್ರಿಯಿಡೀ ಹುಡುಕಾಡುವವರಿದ್ದಾರೆ. ಮೊದಲನೆಯದು ಬಡಿತದ ನಡುವೆ ಹೃದಯ ಸಡಿಲವಾಗುವುದು ಸ್ವಲ್ಪ ನಿಧಾನವಾಗಿರುವುದು, ವಯಸ್ಸಾದ ಹಾಗೆ, ಬಿಪಿ ಇದ್ದರೆ ತುಂಬಾ ಜನರಲ್ಲಿ ಕಾಣುತ್ತದೆ. ಬಿಪಿ ಹಿಡಿತದಲ್ಲಿದೆಯೇ ನೋಡಿಕೊಳ್ಳಿ. ಎರಡನೆಯದು ಕವಾಟದಿಂದ ಒಂದೆರಡು ಹನಿ ಹಿಂದಕ್ಕೆ ಹೋಗುವ ಹಾಗೆ, ಆರೋಗ್ಯವಂತರಲ್ಲೂ ಇರುತ್ತದೆ.

ಇನ್ನು ಜೊತೆಗೆ ಬರುವ ಸಣ್ಣಪುಟ್ಟ ಕಾಗದಗಳು. ಡಿ-ಡೈಮರ್, ಅಂದರೆ ರಕ್ತದ ಹೆಪ್ಪು ಕರಗುವಾಗ ರಕ್ತದಲ್ಲಿ ಕಾಣುವ ಅಂಶ, ಕಮ್ಮಿ ಇದ್ದು, ಡಾಕ್ಟರಿಗೂ ಜಾಸ್ತಿ ಅನುಮಾನ ಇಲ್ಲದಿದ್ದರೆ ಶ್ವಾಸಕೋಶದಲ್ಲಿ ಹೆಪ್ಪು ಇರುವ ಸಾಧ್ಯತೆ ತೀರಾ ಕಮ್ಮಿ. ಜಾಸ್ತಿ ಇದ್ದರೆ ಮಾತ್ರ ಅದು ಏನನ್ನೂ ಖಚಿತ ಮಾಡುವುದಿಲ್ಲ. ಬಸುರಿಯರಲ್ಲಿ, ಸೋಂಕು ಇರುವವರಲ್ಲಿ, ವಯಸ್ಸಾದವರಲ್ಲಿ ಏರುತ್ತದೆ. ಎನ್‌ಟಿ-ಪ್ರೋಬಿಎನ್‌ಪಿ ಏದುಸಿರು ಹೃದಯದಿಂದಲೇ ಎಂದು ನೋಡಲು. ಹಿಮೋಗ್ಲೋಬಿನ್ ತೀರಾ ಇಳಿದಿದ್ದರೆ ಸಣ್ಣ ಬ್ಲಾಕೂ ದೊಡ್ಡ ನೋವು ಕೊಡಬಹುದು. ಕೊಲೆಸ್ಟ್ರಾಲ್ ರಿಪೋರ್ಟ್ ಮುಂದಿನ ವರ್ಷಗಳ ಮಾತು. ಇವತ್ತಿನ ನೋವು ಏನೆಂದು ಅದು ಹೇಳುವುದಿಲ್ಲ.

ಹಂತ 5: ಟಿಎಂಟಿ

ತುರ್ತು ಕಳೆದ ಮೇಲೆ, ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಇಸಿಜಿ ನೋಡುವ ಟೆಸ್ಟ್ ಇದು. ಎದೆ ನೋಯುತ್ತಿರುವಾಗ, ಟ್ರೋಪೋನಿನ್ ಏರುತ್ತಿರುವಾಗ ಟ್ರೆಡ್‌ಮಿಲ್ ಹತ್ತಬಾರದು. ಯಾರಾದರೂ ಹತ್ತಿಸಲು ಹೊರಟರೆ “ನನಗೆ ಈಗ ನೋವಿದೆ” ಎಂದು ಜೋರಾಗಿ ಹೇಳಿ.

ಹೆಚ್ಚಾಗಿ ಬಳಸುವ ಬ್ರೂಸ್ ಪದ್ಧತಿಯಲ್ಲಿ ಮೂರು ಮೂರು ನಿಮಿಷಕ್ಕೆ ವೇಗ, ಏರು ಎರಡೂ ಜಾಸ್ತಿಯಾಗುತ್ತವೆ. ರಿಪೋರ್ಟಿನಲ್ಲಿ ಮೊದಲು ನೋಡಬೇಕಾದದ್ದು ‘ಪಾಸಿಟಿವ್’, ‘ನೆಗೆಟಿವ್’ ಅಲ್ಲ. ಬಡಿತ ಎಲ್ಲಿವರೆಗೆ ಏರಿತು ಎನ್ನುವುದನ್ನು ನೋಡಿ. 220ರಲ್ಲಿ ವಯಸ್ಸು ಕಳೆದು, ಬಂದದ್ದರ 85 ಪರ್ಸೆಂಟ್ ಮುಟ್ಟಬೇಕು. 50 ವರ್ಷದವರಿಗೆ ಅದು ಸುಮಾರು 145. ಕಾಲು ನೋವು ಎಂದು 120ಕ್ಕೇ ಇಳಿದಿದ್ದರೆ, ಅಲ್ಲಿವರೆಗೆ ಏನೂ ಕಾಣದಿದ್ದರೂ ಅದು ನೆಗೆಟಿವ್ ಅಲ್ಲ, ಮುಗಿಯದ ಟೆಸ್ಟ್. ಬಡಿತ ಇಳಿಸುವ ಮಾತ್ರೆ ತಿನ್ನುತ್ತಿದ್ದರೂ ಹೀಗೇ ಆಗುತ್ತದೆ. ಟೆಸ್ಟಿಗೆ ಮುಂಚೆ ಅದನ್ನು ನಿಲ್ಲಿಸಬೇಕಾ ಎಂದು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ.

ನಂತರ ‘ಮೆಟ್ಸ್’ ನೋಡಿ. ಎಷ್ಟು ಶ್ರಮ ತಡೆದುಕೊಂಡಿರಿ ಎಂಬ ಅಳತೆ. ಒಂಬತ್ತು ನಿಮಿಷ ಪೂರ್ತಿ ಮಾಡಿದರೆ ಸುಮಾರು 10 ಮೆಟ್ಸ್. ಅಷ್ಟು ದೂರ ನೋವಿಲ್ಲದೆ, ಗೆರೆ ಬದಲಾಗದೆ ಹೋದವರ ಬಗ್ಗೆ ಡಾಕ್ಟರಿಗೆ ಸಾಕಷ್ಟು ಧೈರ್ಯ ಬರುತ್ತದೆ. ಗೆರೆ 1 ಮಿಲಿಮೀಟರ್ ಅಥವಾ ಜಾಸ್ತಿ ಕೆಳಗಿಳಿದು ಅಲ್ಲೇ ಅಡ್ಡಲಾಗಿ ನಿಂತರೆ, ಇಲ್ಲವೇ ಇನ್ನೂ ಜಾರುತ್ತಾ ಹೋದರೆ ಪಾಸಿಟಿವ್ ಎನ್ನುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಟಿಎಂಟಿಯನ್ನು ಜನ ಬೇಕಾದ್ದಕ್ಕಿಂತ ಜಾಸ್ತಿ ನಂಬುತ್ತಾರೆ. ಬ್ಲಾಕ್ ಇರುವ ಮೂವರಲ್ಲಿ ಸುಮಾರು ಒಬ್ಬರನ್ನು ಅದು ಹಿಡಿಯದೆ ಬಿಡುತ್ತದೆ. ಬ್ಲಾಕ್ ಇಲ್ಲದ ಹೆಂಗಸರಲ್ಲಿ ಪಾಸಿಟಿವ್ ತೋರಿಸುವುದೂ ಜಾಸ್ತಿ. 30 ವರ್ಷದ, ಚುಚ್ಚುವ ನೋವಿನ ಹುಡುಗಿಯ ‘ಪಾಸಿಟಿವ್’ಗೂ, 60 ವರ್ಷದ, ಶುಗರ್ ಇರುವ, ಮೆಟ್ಟಿಲಲ್ಲಿ ಎದೆ ಹಿಂಡುವವರ ‘ಪಾಸಿಟಿವ್’ಗೂ ಅರ್ಥ ಒಂದೇ ಅಲ್ಲ. ಮೊದಲ ಹಂತದಲ್ಲಿ ಬರೆದಿಟ್ಟ ಹಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹಂತ 6: ಸಿಟಿ, ಆಂಜಿಯೋಗ್ರಾಂ, ಆ ಪರ್ಸೆಂಟು

ರಕ್ತನಾಳವನ್ನೇ ನೋಡುವ ಟೆಸ್ಟ್‌ಗಳು ಎರಡು. ಸಿಟಿ ಆಂಜಿಯೋದಲ್ಲಿ ಕೈಗೆ ಬಣ್ಣದ ಔಷಧಿ ಕೊಟ್ಟು ಸ್ಕ್ಯಾನ್ ಮಾಡುತ್ತಾರೆ. ಮಾಮೂಲಿ ಆಂಜಿಯೋಗ್ರಾಂನಲ್ಲಿ ಮಣಿಕಟ್ಟು ಅಥವಾ ತೊಡೆಸಂದಿಯಿಂದ ಸಣ್ಣ ಕೊಳವೆ ಹಾಕುತ್ತಾರೆ. ಎರಡಕ್ಕೂ ಮುಂಚೆ ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್ ನೋಡುತ್ತಾರೆ, ಯಾಕೆಂದರೆ ಆ ಔಷಧಿ ಕಿಡ್ನಿಯಿಂದಲೇ ಹೊರಹೋಗಬೇಕು. ಅಲರ್ಜಿ ಇದ್ದರೆ, ಶುಗರ್ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ.

ಸಿಟಿ ಜೊತೆ ‘ಕ್ಯಾಲ್ಸಿಯಂ ಸ್ಕೋರ್’ ಬಂದಿರಬಹುದು. ಸೊನ್ನೆ ಇದ್ದರೆ ಒಳ್ಳೆಯ ಸುದ್ದಿ, ಆದರೆ ಪೂರ್ತಿ ಗ್ಯಾರಂಟಿ ಅಲ್ಲ. ಮೆತ್ತಗಿನ ಕೊಬ್ಬಿಗೆ ಕ್ಯಾಲ್ಸಿಯಂ ಇರುವುದಿಲ್ಲ, ಚಿಕ್ಕ ವಯಸ್ಸಿನವರಲ್ಲಿ ವಿಶೇಷವಾಗಿ. 100 ದಾಟಿದರೆ ಗಂಭೀರವಾಗಿ ತೆಗೆದುಕೊಳ್ಳಬೇಕು, 400 ದಾಟಿದರೆ ಇನ್ನೂ.

ಈಗ ಪರ್ಸೆಂಟು. ಎಲ್‌ಎಡಿ ಎಂದರೆ ಎಡಗಡೆ ಮುಂದಿನಿಂದ ಇಳಿಯುವ ನಾಳ, ಎಲ್‌ಸಿಎಕ್ಸ್ ಎಡದಿಂದ ಸುತ್ತಿ ಹೋಗುವುದು, ಆರ್‌ಸಿಎ ಬಲಗಡೆಯದು. ಸಾಮಾನ್ಯವಾಗಿ 70 ಪರ್ಸೆಂಟ್ ದಾಟಿದ ಬ್ಲಾಕನ್ನು ದೊಡ್ಡದು ಎನ್ನುತ್ತಾರೆ. ಎಡಗಡೆಯ ಮುಖ್ಯ ಕಾಂಡದಲ್ಲಿ, ಅಂದರೆ ‘ಲೆಫ್ಟ್ ಮೇನ್’ನಲ್ಲಿ, 50 ಇದ್ದರೂ ದೊಡ್ಡದೇ. ಈ ಪರ್ಸೆಂಟ್ ನಾಳದ ಅಗಲದ ಲೆಕ್ಕ. ಅಗಲ 70 ಪರ್ಸೆಂಟ್ ಹೋದರೆ ರಕ್ತ ಹರಿಯುವ ಬಾಯಿ ಸುಮಾರು 90 ಪರ್ಸೆಂಟ್ ಹೋದ ಹಾಗೆ. 70ರಲ್ಲಿ ನೋವು ಯಾಕೆ ಶುರುವಾಗುತ್ತದೆ ಎಂದು ಈಗ ಗೊತ್ತಾಯಿತಲ್ವಾ?

50ರಿಂದ 70ರ ನಡುವಿನದು ಗೊಂದಲದ ಜಾಗ. ಆಗ ನಾಳದೊಳಗೆ ತೆಳ್ಳಗಿನ ತಂತಿ ಹಾಕಿ ಒತ್ತಡ ಅಳೆಯುತ್ತಾರೆ. ಅದು ‘ಎಫ್‌ಎಫ್‌ಆರ್’. 0.80 ಅಥವಾ ಕೆಳಗೆ ಬಂದರೆ ಆ ಬ್ಲಾಕ್ ನಿಜವಾಗಿಯೂ ರಕ್ತ ತಡೆಯುತ್ತಿದೆ ಎಂದರ್ಥ. ತುರ್ತು ಇಲ್ಲದಿದ್ದಾಗ ಇಂಥ ಬ್ಲಾಕಿಗೆ ಸ್ಟೆಂಟ್ ಹಾಕಬೇಕು ಎಂದರೆ “ಎಫ್‌ಎಫ್‌ಆರ್ ನೋಡಿದ್ದೀರಾ ಡಾಕ್ಟ್ರೇ?” ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಹೃದಯಾಘಾತ ನಡೆಯುತ್ತಿರುವಾಗ ಮಾತ್ರ ಈ ಪ್ರಶ್ನೆ ಬೇಡ, ಮುಚ್ಚಿದ ನಾಳ ತೆರೆಯಲಿ ಬಿಡಿ.

‘ಮೈನರ್ ಸಿಎಡಿ, 30 ಪರ್ಸೆಂಟ್’ ಎಂದು, ಅಂದರೆ ಹೃದಯದ ರಕ್ತನಾಳದಲ್ಲಿ ಸಣ್ಣ ಬ್ಲಾಕ್ ಎಂದು ಬಂದವರು ಕಾಗದ ಮಡಚಿಟ್ಟು ಮಾತ್ರೆ ಮರೆಯುತ್ತಾರೆ. ಹಾಗೆ ಮಾಡಬೇಡಿ. ಹೃದಯಾಘಾತ ತುಂಬಾ ಸಲ ಆಗುವುದು ದೊಡ್ಡ ಬ್ಲಾಕ್ ಮೆಲ್ಲಗೆ ಮುಚ್ಚಿಕೊಂಡು ಅಲ್ಲ, ಸಣ್ಣ ಕೊಬ್ಬಿನ ಗಂಟು ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಡುವುದು ಆ ಗಂಟು ಒಡೆಯದೆ ಇರಲಿ ಎಂದು.

ಎಲ್ಲ ನಾರ್ಮಲ್, ನೋವು ಮಾತ್ರ ಹೋಗಿಲ್ಲ

ಇದು ನನ್ನ ಕತೆ. ಎಲ್ಲ ಟೆಸ್ಟ್ ಮುಗಿದು “ಏನೂ ಇಲ್ಲ” ಎಂದು ಕಳಿಸಿದರು. ಒಂದು ತಿಂಗಳು ಮತ್ತೆ ಮತ್ತೆ ನೋವು. ‘ಏನೂ ಇಲ್ಲ’ ಎನ್ನುವ ಮಾತು ಸರಿಯಲ್ಲ. ‘ದೊಡ್ಡ ನಾಳದಲ್ಲಿ ಬ್ಲಾಕ್ ಕಾಣಲಿಲ್ಲ’ ಎಂದು ಹೇಳಬೇಕಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ನಾಳಗಳಲ್ಲಿ ತೊಂದರೆ ಇರಬಹುದು, ಇದು ಹೆಂಗಸರಲ್ಲಿ ಜಾಸ್ತಿ. ನಾಳ ಇದ್ದಕ್ಕಿದ್ದ ಹಾಗೆ ಹಿಡಿದುಕೊಂಡು ಬಿಡುವುದೂ ಉಂಟು, ಅದು ಹೆಚ್ಚಾಗಿ ರಾತ್ರಿ ಅಥವಾ ಬೆಳಗಿನ ಜಾವ ಬರುತ್ತದೆ. ಹುಳಿ ಮೇಲೆ ಬಂದು ಅನ್ನನಾಳ ಉರಿಯಬಹುದು. ಪಕ್ಕೆಲುಬಿನ ಕೀಲು ಊದಿರಬಹುದು. ಗಾಬರಿಯ ಅಟ್ಯಾಕ್ ಆಗಿರಬಹುದು. ಅದೂ ನಿಜವಾದ ನೋವೇ, ನಾಟಕವಲ್ಲ. ನನ್ನದು ಕೊನೆಗೆ ಹುಳಿಯ ತೊಂದರೆ ಎಂದು ಗೊತ್ತಾಯಿತು.

ಡಾಕ್ಟರನ್ನು ಬಿಟ್ಟು ಹೊರಡುವ ಮೊದಲು ಮೂರು ಮಾತು ಕೇಳಿ. ಈ ಟೆಸ್ಟ್‌ಗಳಿಂದ ಯಾವುದು ಅಲ್ಲ ಎಂದು ಗೊತ್ತಾಯಿತು? ಯಾವುದು ಇನ್ನೂ ಆಗಿರಬಹುದು? ಮತ್ತೆ ನೋವು ಬಂದರೆ ಎಷ್ಟು ಹೊತ್ತು ಕಾದು ಬರಬೇಕು? ಮೂರನೆಯದರ ಉತ್ತರವನ್ನು ಮನೆಯವರ ಎದುರೇ ಹೇಳಿಸಿ. ಇಲ್ಲದಿದ್ದರೆ ಮುಂದಿನ ಸಲ “ಹೋದ ಸಲವೂ ಏನೂ ಇರಲಿಲ್ಲ ಅಲ್ವಾ” ಎಂದು ನಿಮ್ಮನ್ನು ಕೂರಿಸಿಬಿಡುತ್ತಾರೆ.

ಕಾಗದ ಕಾಪಾಡುವುದು ಹೇಗೆ ಎನ್ನುವುದೊಂದು ಬಾಕಿ ಇದೆ. ಎಷ್ಟೋ ಕಡೆ ಇಸಿಜಿ ಚೀಟಿ ಬಿಸಿಗೆ ಬಣ್ಣ ತಿರುಗುವ ಕಾಗದದಲ್ಲಿ ಬರುತ್ತದೆ, ಅಂಗಡಿ ಬಿಲ್ಲಿನ ಹಾಗೆ. ಕೆಲವು ವರ್ಷದಲ್ಲಿ ಗೆರೆ ಮಾಸಿ ಬಿಳಿ ಹಾಳೆಯಾಗುತ್ತದೆ. ಭದ್ರವಾಗಿರಲಿ ಎಂದು ಬಿಸಿ ಲ್ಯಾಮಿನೇಷನ್ ಮಾಡಿಸಿದರೆ ಕಪ್ಪಗಾಗುತ್ತದೆ. ನಾನು ಮಾಡಿಸಿ ಕೆಡಿಸಿಕೊಂಡಿದ್ದೇನೆ. ಅವತ್ತೇ ಬೆಳಕಿನಲ್ಲಿ ಇಟ್ಟು ಫೋಟೋ ತೆಗೆಯಿರಿ, ಹೆಸರು, ದಿನ, ಸಮಯ ಮೂರೂ ಕಾಣುವ ಹಾಗೆ. ಒಂದು ಪ್ರತಿ ಮನೆಯಲ್ಲಿ ಇನ್ನೊಬ್ಬರ ಫೋನಿಗೂ ಕಳಿಸಿ. ಮುಂದಿನ ಸಲ ಎಮರ್ಜೆನ್ಸಿ ಡಾಕ್ಟರ್ “ಹಳೇ ಇಸಿಜಿ ಇದೆಯಾ?” ಎಂದು ಕೇಳುತ್ತಾರೆ. ಟಿ ಅಲೆ ತಲೆಕೆಳಗಾದದ್ದು ಇವತ್ತೋ, ಐದು ವರ್ಷದಿಂದ ಹಾಗೇ ಇದೆಯೋ ಎಂದು ಅವರಿಗೆ ಆ ಫೋಟೋ ನೋಡಿದರೆ ಗೊತ್ತಾಗುತ್ತದೆ.